ಕುಂಡ್ರಲಿಲ್ಲ, ನೀರೂ ಕುಡೀಲಿಲ್ಲ

ನೂರು ವರ್ಷ ಬದುಕಬೇಕೆಂದು ನಾನು ಠರಾವು ಪಾಸು ಮಾಡಿದ್ದು ಎಂಬತ್ತಾರನೇ ಇಸವಿಯ ಪಂಚಮಿ ಹಬ್ಬದ ಹಿಂದಿನ ವಾರ. ಠರಾವು ಮಂಡಿಸಿದವ ನಾನು, ಕೈ ಎತ್ತಿದವ ನಾನು, ಚಪ್ಪಾಳೆ ತಟ್ಟಿದವನೂ ನಾನೇ! ವಿರೋಧ ಮಾತ್ರ ಒಂದು ಬಂತು, ಅಡಿಗೆಮನೆಯಿಂದ.

"ನೂರ ವರ್ಷ? ಅಲ್ಲೀತನಕ ರೊಟ್ಟಿ ಬಡಿಯೂದು ಯಾರು?"

"ನೀನ! ನಿನಗೂ ಒಂದು ನೂರು ವರ್ಷ ಕೊಡಸ್ತೀನಿ," ಎಂದೆ ಉದಾರವಾಗಿ.

"ನನಗ ಬ್ಯಾಡ್ರಿ," ಎಂದಳು ನನ್ನ ಹೆಂಡತಿ ಬಸವಣ್ಣೆವ್ವ. "ನೀವು ಐವತ್ಮೂರು ಕಾಣ್ರಿ, ಅಷ್ಟ ಸಾಕು."

ಈ ಐವತ್ಮೂರರ ಸಂಗತಿ ಹೇಳಬೇಕು. ನನ್ನ ಮನೆ ಶಲವಡಿ, ನೌಕರಿ ಅಣ್ಣಿಗೇರಿಯ ಒಂದು ಸೊಸೈಟಿಯಲ್ಲಿ ಕಾರಕೂನಿಕೆ. ಇಪ್ಪತ್ತು ವರ್ಷ ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಕುರ್ಚಿಗೆ, ಕುರ್ಚಿಯಿಂದ ಬಸ್ಸಿಗೆ ಹೋಗಿ ಬಂದು ಮೈ ಹೇಗಾಗಿತ್ತೆಂದರೆ, ನಾನು ಬಸ್ಸು ಹತ್ತಿದ ಕೂಡಲೇ ಕಂಡಕ್ಟರು, "ಭರಮಪ್ಪಾರು ಹತ್ಯಾರ, ಎಡಕಿನ ಮಂದಿ ಬಲಕ್ಕ ಸರೀರಿ!" ಎಂದು ಒದರಿ ಆಮೇಲೆ ಸೀಟಿ ಊದುತ್ತಿದ್ದ. ಹೀಗಿರುವಾಗ ಒಂದು ದಿನ ಮೆಟ್ಟಿಲು ಹತ್ತುತ್ತಾ ಕಣ್ಣಿಗೆ ಕತ್ತಲೆ ಬಂತು. ಡಾಕ್ಟರ ಕಡೆ ಹೋದೆ. ಅವರು ನಳಿಗೆಯನ್ನು ಎದೆಯ ಮೇಲಿಟ್ಟು ಎಷ್ಟು ಹೊತ್ತು ಆಲಿಸಿದರೆಂದರೆ ನನಗೆ ಅವರು ನಿದ್ದೆ ಹೋದರೇನೋ ಅನ್ನಿಸಿತು.

"ಅಣ್ಣತಮ್ಮರು ಎಷ್ಟ ಮಂದಿ?" ಎಂದರು ಕಡೆಗೆ.

"ಇಬ್ಬರಣ್ಣರು ಇದ್ರ್ರಿ."

"ಇದ್ರು ಅಂದ್ರ?"

"ದೊಡ್ಡಾಂವ ಐವತ್ತೆರಡಕ್ಕ ಹೋದ, ಕುಂತ ಕುರ್ಚ್ಯಾಗ. ನಡುವಿನಾಂವನೂ ಐವತ್ತೆರಡಕ್ಕನ, ಹೋಳಿಗಿ ತಾಟಿನ ಮುಂದ."

"ನಿಮಗೆಷ್ಟು?"

"ಐವತ್ತೊಂದು."

ಡಾಕ್ಟರು ನಗಲಿಲ್ಲ. ನಗಿಸುವುದೇ ಹುಟ್ಟುಗುಣವಾದ ನನ್ನಂಥವನಿಗೆ, ಎದುರಿನವ ನಗದಿದ್ದರೆ ಅದಕ್ಕಿಂತ ದೊಡ್ಡ ರೋಗ ಬೇಕಿಲ್ಲ. "ಸಕ್ರಿ ಬಂದೈತಿ. ಎದಿ ಸಪ್ಪಳಾನೂ ನೆಟ್ಟಗಿಲ್ಲ. ನಾಳಿಂದ ಬಸ್ಸು ಬಿಡ್ರಿ. ನಡಕೊಂತ ಹೋಗ್ರಿ, ಇಲ್ಲಾ ಸೈಕಲ್ ಹೊಡೀರಿ. ತೇಕು ಬಂತಂದ್ರ ದಸಕ್ಕನ ಕುಂಡ್ರಬ್ಯಾಡ್ರಿ, ನಿಂತ ಸುಧಾರಿಸ್ಕೋರಿ. ತೇಕುವಾಗ ನೀರು ಕುಡೀಬ್ಯಾಡ್ರಿ. ದಾರ್ಯಾಗ ಯಾರ ಮನಿ ಚಾನೂ ಮುಟ್ಟಬ್ಯಾಡ್ರಿ."

ಈ ಕಡೆಯ ಮೂರು ಕಟ್ಟಳೆಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಜನ ಡಾಕ್ಟರ ಮಾತು ಮೀರಿ ಕೆಡುತ್ತಾರೆ. ಡಾಕ್ಟರ ಮಾತನ್ನು ಅಕ್ಷರಕ್ಷರ ಪಾಲಿಸಿ ಮೂರೂರಲ್ಲಿ ಮಾನ ಕಳೆದುಕೊಂಡವ ನಾನೊಬ್ಬನೇ ಇರಬೇಕು!

ನಮ್ಮೂರ ಬಾಷಾಸಾಬನ ಅಂಗಡಿಯಿಂದ ಒಂದು ಹಳೆ ಸೈಕಲ್ ತಂದೆ. ಅದರ ಒಂದು ಗಾಲಿ ನವಲಗುಂದದ ಕಡೆ, ಇನ್ನೊಂದು ಕುಂದಗೋಳದ ಕಡೆ ಮುಖ ಮಾಡಿತ್ತು. "ಬೆಲ್ಲು ಮಾತ್ರ ಅಗದಿ ಹೊಸಾದು ಹಾಕೇನ್ರಿ," ಎಂದ ಬಾಷಾಸಾಬ ಅಭಿಮಾನದಿಂದ. ಸೈಕಲ್ಲು ಅಂಗಳಕ್ಕೆ ಬಂದಾಗ ಬಸವಣ್ಣೆವ್ವ ಅದನ್ನು ಸುತ್ತಿ ನೋಡಿದಳು, ಆಮೇಲೆ ನನ್ನನ್ನು ಸುತ್ತಿ ನೋಡಿದಳು. ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

"ಹೋಗ್ರಿ. ಆದ್ರ ಅಲ್ಲೆ ಇಳೀಬ್ಯಾಡ್ರಿ," ಎಂದಳು.

'ಅಲ್ಲೆ' ಎಂದರೆ ಅವಳ ತವರು. ಅಣ್ಣಿಗೇರಿ ದಾರಿಯ ನಟ್ಟನಡುವೆ, ರಸ್ತೆಗೆ ಹೊಂದಿದ ಮನೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇದನ್ನು ಓದಿದರೆ ನನಗೆ ಆ ದಾರಿಯೂ ಬಂದ್. ಅವಳ ತಮ್ಮ ಅಮೋಘಸಿದ್ದಪ್ಪ ಹಿಂದೆ ಹೊಸ ಮನೆ ಕಟ್ಟಿಸಿದಾಗ ಒಕ್ಕಲು ಹೋಗಲು ಅಕ್ಕನನ್ನು ಕರೆಯಬೇಕಲ್ಲ? ತಾನೇ ಬಂದು ಕುಂಕುಮ ಹಚ್ಚಿ ಕರೆಯುವುದು ಬಿಟ್ಟು ಕುಂಕುಮದ ಪೊಟ್ಟಣವನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ಕೆಲಸದ ಗದ್ದಲ ಪಾಪ! ಆದರೆ ಬಸವಣ್ಣೆವ್ವ ಅವನನ್ನು ಎತ್ತಿ ಆಡಿಸಿದವಳು. "ಕಂಡಕ್ಟರ ಕರದ್ರ ಬಸ್ಸಿಗೆ ಹೋಗ್ತಾರ, ತವರಿಗೆ ಹೋಗೂದಿಲ್ಲ," ಎಂದವಳು ಆಮೇಲೆ ಹೋಗಲಿಲ್ಲ. ಅವನೂ "ಅಕ್ಕಗ ಸೊಕ್ಕು," ಎಂದು ಬರಲಿಲ್ಲ. ಎರಡು ಮನೆಗೂ ಮಾತು ಬಿಟ್ಟುಹೋಯಿತು.

ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ. ಬಸವಣ್ಣೆವ್ವ ಅವತ್ತು ಬಾಗಿಲ ಮುಂದೆ ಕಸ ಹೊಡೆಯುತ್ತಿದ್ದಳು. ಹೊಡೆದಲ್ಲೇ ಹೊಡೆಯುತ್ತಿದ್ದಳು, ಬಸ್ಸು ಬರುವ ದಾರಿ ನೋಡುತ್ತಾ. ನಮ್ಮ ಬಾಗಿಲ ಮುಂದಿನ ನೆಲ ಓಣಿಯ ನೆಲಕ್ಕಿಂತ ಗೇಣುದ್ದ ತಗ್ಗಾಗಿರುವುದು ಅದರಿಂದಲೇ. ಮಳೆಗಾಲದಲ್ಲಿ ನೀರು ಒಳಗೆ ನುಗ್ಗುತ್ತದೆ, ಬೇಕಾದರೆ ಬಂದು ನೋಡಿ.

ಇಷ್ಟಿದ್ದರೂ ದಿನಾ ಸಂಜೆ ನಾನು ಬಸ್ಸಿಳಿದು ಬಂದ ಕೂಡಲೇ ಚಹಾ ಕೊಡುತ್ತಾ ಒಂದು ಮಾತು ಕೇಳುತ್ತಿದ್ದಳು, ನನ್ನ ಮುಖ ನೋಡದೆ.

"ಬಸ್ಸಿನ್ಯಾಗ ಯಾರರ ಏನರ ಅಂದ್ರೇನು?"

ಅದರ ಅರ್ಥ, ಅವ್ವ ಹೇಗಿದ್ದಾಳೆ ಎಂದು. ಅತ್ತೆ ಮೈಲಾರವ್ವ ಹಾಸಿಗೆ ಹಿಡಿದಿದ್ದಾಳೆಂದು ಆ ವರ್ಷ ಸುದ್ದಿ ಬಂದಿತ್ತು. ಅವ್ವನ ಮುಖ ಒಮ್ಮೆ ನೋಡಬೇಕು. ಆದರೆ ಕರೆಯದೆ ಹೋಗಲಾರಳು. ತಾಯಿಗೆ ಉಳಿದಿದ್ದ ಉಸಿರು ಎಷ್ಟೋ, ಮಗಳ ಹಟಕ್ಕೆ ಉಳಿದಿದ್ದ ಗಡುವೂ ಅಷ್ಟೇ.

ಸರಿ. ಮರುದಿನ ನಸುಕಿನಲ್ಲಿ ನನ್ನ ದಿಗ್ವಿಜಯ ಹೊರಟಿತು! ಬಿಸಿಲಿಗೆಂದು ತಲೆಯ ಮೇಲೆ ಟಾವೆಲ್ ಹೊದ್ದೆ. ಊರ ಅಗಸಿ ದಾಟುವಾಗ ನಾನು ದೊರೆ. ಮೊದಲನೇ ಹಳ್ಳ ದಾಟುವಾಗ ಸಿಪಾಯಿ. ಎರಡನೇ ಹಳ್ಳಕ್ಕೆ ಬರುವಷ್ಟರಲ್ಲಿ ಆನೆಯ ಕಾಲ ಕೆಳಗಿನ ಕೈದಿ. ಪೆಡ್ಲು ತುಳಿಯುವ ರಭಸಕ್ಕೆ ಬಲಗಾಲ ಚಪ್ಪಲಿಯ ಉಂಗುಟ ಹರಿಯಿತು, ಎರಡನ್ನೂ ಕಳೆದು ಕ್ಯಾರಿಯರಿಗೆ ಸಿಕ್ಕಿಸಿದೆ. ಸೀಟಿನ ಸ್ಪ್ರಿಂಗು ನನ್ನ ಭಾರ ತಾಳದೆ ಅಡ್ಡಡ್ಡ ಎದ್ದು, ನಾನು ಯಾವ ಅಂಗದ ಬಲದಿಂದ ಇಪ್ಪತ್ತು ವರ್ಷ ನೌಕರಿ ಮಾಡಿದ್ದೆನೋ ಅದೇ ಅಂಗಕ್ಕೆ ಚುಚ್ಚತೊಡಗಿತು. ಎದೆಯಲ್ಲಿ ಯಾರೋ ಹಲಗಿ ಬಾರಿಸಲಾರಂಭಿಸಿದರು. ಕಣ್ಣೊಳಗೆ ಬೆವರಿಳಿದು ಉರಿ ಉರಿ, ಧಾರಾಕಾರ ನೀರು. ಆಗ ಚೈನೂ ಬಿತ್ತು. ಬಿದ್ದದ್ದಾದರೂ ಎಲ್ಲಿ? ಅಮೋಘಸಿದ್ದಪ್ಪನ ಮನೆಯ ಮುಂದೆ!

ಇಳಿಯಬೇಡ ಎಂದಿದ್ದಳು. ನಾನು ಇಳಿಯಲಿಲ್ಲ, ಬಿದ್ದೆ ಎಂದರೇ ಸರಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಚೈನಿನ ಮಸಿ ಬಳಿದ ಕೈ ದೂರ ಹಿಡಿದು, ಬರಿಗಾಲಲ್ಲಿ ಕಟ್ಟೆಯ ಕೆಳಗೆ ನಿಂತೆ. ಅಣ್ಣಂದಿರಿಬ್ಬರೂ ಎದುರು ಬಂದು ನಿಂತು, "ಬಂದ್ಯಾ ತಮ್ಮಾ?" ಎಂದು ಕೇಳಿದ ಹಾಗಾಯಿತು. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನೂರು ವರ್ಷದ ಠರಾವು ರದ್ದಾಗಿ ನಾನು ಬರೀ ಸಂಜೆಯತನಕದ ಅರ್ಜಿ ಹಾಕಿದ್ದೆ.

ಅಮೋಘಸಿದ್ದಪ್ಪನ ಹೆಂಡತಿ ರೇಣುಕವ್ವ ಹೊರಗೆ ಬಂದಳು. ನನ್ನನ್ನು ನೋಡಿ ಅವಳ ಕೈಯ ಕಸಬರಿಗೆ ನಿಂತುಬಿಟ್ಟಿತು.

"ಬರ್ರಿ ಅಣ್ಣಾರ... ಒಳಗ ಬರ್ರಿ. ಕುಂಡ್ರಿ."

ಡಾಕ್ಟರ ಅಪ್ಪಣೆ! ಜೊತೆಗೆ ಸೀಟಿನ ಸ್ಪ್ರಿಂಗಿನ ಕೃಪೆ! ಒಲ್ಲೆನೆಂದು ತಲೆ ಅಲ್ಲಾಡಿಸಿದೆ.

"ನೀರರ ಕುಡೀರಿ."

ಕೈ ಅಡ್ಡ ಹಿಡಿದೆ. ಮಾತಾಡಲು ಉಸಿರೆಲ್ಲಿ?

"ಒಂದೀಟು ಚಾ..." ಅವಳು ಅಷ್ಟರಲ್ಲಾಗಲೇ ಸೆರಗು ಬಾಯಿಗೆ ಹಿಡಿದಿದ್ದಳು. ಅದಕ್ಕೂ ತಲೆ ಅಲ್ಲಾಡಿಸಿದೆ.

ಅಮೋಘಸಿದ್ದಪ್ಪ ಬಾಯಲ್ಲಿ ಬೇವಿನಕಡ್ಡಿ ಕಚ್ಚಿಕೊಂಡು ದನದ ಮನೆಯಿಂದ ಬಂದ. ನನ್ನ ಬರಿಗಾಲು ನೋಡಿದ. ತಲೆಯ ಮೇಲಿನ ಟಾವೆಲ್ ನೋಡಿದ. ಸುರಿಯುತ್ತಿದ್ದ ಕಣ್ಣು ನೋಡಿದ. ಕಡ್ಡಿ ಬಾಯಿಂದ ಕೆಳಗೆ ಬಿತ್ತು. ಎಷ್ಟು ವರ್ಷದ ಮೇಲೆ ಬಂದ ಮಾಮಾನನ್ನು ಮಾತಾಡಿಸದಷ್ಟು ಸಿಟ್ಟೇ ಇವನಿಗೆ ಎಂದುಕೊಂಡೆ. ಉಸಿರು ಸ್ವಲ್ಪ ಹಿಡಿತಕ್ಕೆ ಬಂದದ್ದೇ ಚೈನು ಸಿಕ್ಕಿಸಿ, ಎಲ್ಲರಿಗೂ ಕೈಮುಗಿದು, ಸೈಕಲ್ಲು ಹತ್ತಿದೆ.

ಹತ್ತು ಮಾರು ಹೋಗಿರಲಿಕ್ಕಿಲ್ಲ, ಬೆನ್ನ ಹಿಂದೆ ಮನೆಯೊಳಗಿಂದ ಗೊಳೋ ಎಂದು ಅಳು ಎದ್ದಿತು!

ನಮ್ಮ ಕಡೆಯ ಓದುಗರು ಇಷ್ಟೊತ್ತಿಗೆ ತಲೆ ಚಚ್ಚಿಕೊಂಡಿರಬೇಕು. ಬೇರೆ ಕಡೆಯವರಿಗೆ ಹೇಳುತ್ತೇನೆ. ಮಾತು ಬಿಟ್ಟ ಮನೆಯ ಹೊಸ್ತಿಲಿಗೆ ನಮ್ಮಲ್ಲಿ ಬರುವುದು ಒಂದೇ ಒಂದು, ಸಾವಿನ ಸುದ್ದಿ. ಅದನ್ನು ತಂದವ ಬರಿಗಾಲಲ್ಲಿ, ತಲೆಗೆ ಟಾವೆಲ್ ಹೊದ್ದು ಅಂಗಳದಲ್ಲೇ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ, ಕೂಡುವುದಿಲ್ಲ, ನೀರು ಮುಟ್ಟುವುದಿಲ್ಲ. ಅವನನ್ನು ಯಾರೂ ಬಾಯಿಬಿಟ್ಟು ಕೇಳುವುದೂ ಇಲ್ಲ. ನಿಂತ ರೀತಿಯೇ ಸುದ್ದಿ. ಸತ್ತದ್ದು ಯಾರೆಂದು ಅವರು ಕೇಳಬೇಕಾಗಿಯೂ ಇರಲಿಲ್ಲ. ಅಳಿಯ ಅಳುತ್ತಾ ಬಂದು ನಿಂತನೆಂದರೆ ಹೋದವಳು ಮಗಳೇ!

ಇದೆಲ್ಲ ನನಗೆ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ನನಗೆ ಹೊಳೆದದ್ದು ಬೇರೆ. ಹಾಸಿಗೆ ಹಿಡಿದ ಮುದುಕಿ ಇರುವ ಮನೆಯಲ್ಲಿ ಒಮ್ಮೆಲೇ ಅಳು ಎದ್ದರೆ ಏನರ್ಥ? ಅತ್ತೆ ಹೋದಳು! ನಾನು ಅಂಗಳದಲ್ಲಿ ನಿಂತಿದ್ದಾಗಲೇ, ಮಗಳ ಮುಖ ನೋಡದೆ ಹೋಗಿಬಿಟ್ಟಳು!

ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಸೈಕಲ್ಲಿನ ಮುಖ ಅಣ್ಣಿಗೇರಿಯ ಕಡೆ ಇತ್ತು, ನನ್ನ ಪುಕ್ಕಲುತನವೂ ಅದೇ ಕಡೆ ಇತ್ತು. ಮನೆಗೆ ಹೋಗಿ ಬಸವಣ್ಣೆವ್ವನಿಗೆ ಯಾವ ಬಾಯಿಂದ ಹೇಳಲಿ?

ಆಫೀಸಿನಲ್ಲಿ ನನ್ನ ಮಗ್ಗುಲು ಮೇಜಿನ ಅಬ್ದುಲಮಜೀದ ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡ.

"ಭರಮಪ್ಪಾರ, ಹೆಣ ಮನ್ಯಾಗ ಇಟಗೊಂಡು ಮಂದಿ ಅಳಾಕತ್ತಾರ, ನೀವು ಆಫೀಸಿಗೆ ಬಂದು ಸಹಿ ಮಾಡೀರಿ? ನೀವೇನ್ ಮನಶ್ಯಾರೋ, ಸರಕಾರಿ ಬೋರ್ಡೋ?"

"ಅಕಿಗೆ ಹೆಂಗ ಹೇಳ್ಲೆಪಾ?"

"ಹೇಳಬ್ಯಾಡ್ರಿ. ಒಂದ್ ಮಾಲಿ ತಗೊಂಡು ಹೋಗಿ ಎದುರಿಗೆ ನಿಂದ್ರ್ರಿ. ಅಕ್ಕಾರಿಗೆ ತಿಳೀತೈತಿ."

ಪುಣ್ಯಾತ್ಮ ತಾನೇ ಪೇಟೆಗೆ ಹೋಗಿ ಸೇವಂತಿಗೆಯ ಮಾಲೆ ಕಟ್ಟಿಸಿಕೊಂಡು ಬಂದ. ಮಂತ್ರಿಗಳಿಗೆ ಹಾಕುವಂಥ ಮಾಲೆ, ತೊಡೆಯ ಗಾತ್ರದ್ದು! ಹೊರಡುವ ಹೊತ್ತಿಗೆ ಮಳೆ ಶುರುವಾಯಿತು. ಮಳೆ ಬಿದ್ದರೆ ಬಸ್ಸು ಬಂದ್. ಮಾಲೆಯನ್ನು ಹ್ಯಾಂಡಲ್ಲಿಗೆ ಹಾಕಿಕೊಂಡು ಸೈಕಲ್ಲಿನ ಮೇಲೇ ಹೊರಟೆ. ಅಮೋಘಸಿದ್ದಪ್ಪನ ಮನೆ ಬಂತು. ಧೈರ್ಯ ಮಾಡಿ ಇಳಿದೆ. ನೋಡಿದರೆ ಬಾಗಿಲಿಗೆ ಬೀಗ! ಓಣಿಯಲ್ಲಿ ನರಪಿಳ್ಳೆ ಇಲ್ಲ.

"ಮಣ್ಣು ಮಾಡಾಕ ಒಯ್ದಬಿಟ್ರು!" ಎಂದು ಉರಿದುಬಿದ್ದೆ. "ಲೇ ಅಮೋಘ್ಯಾ, ಮಗಳು ಬರೂತನಕ ಕಾಯಾಕ ಆಗಲಿಲ್ಲೇನೋ ನಿನಗ!" ಬೀಗ ಉತ್ತರ ಕೊಡಲಿಲ್ಲ. ಮಳೆಯಲ್ಲಿ ನಿಂತು, ಮುಚ್ಚಿದ ಬಾಗಿಲಿಗೆ ಕೈಮುಗಿದು, ಅತ್ತೆಗಾಗಿ ಎರಡು ಹನಿ ಕಣ್ಣೀರು ಹಾಕಿದೆ. ಅವು ಮಾತ್ರ ಬೆವರಲ್ಲ.

ಅಲ್ಲಿಂದ ಮುಂದೆ ಎರಿಮಣ್ಣಿನ ದಾರಿ. ಎರಿಮಣ್ಣು ಹಸಿಯಾದರೆ ಹೇಗಿರುತ್ತದೆಂದು ಕಂಡವರಿಗೆ ಹೇಳಬೇಕಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಮಡಗಾರ್ಡು ಕಟ್ಟಿತು, ಗಾಲಿ ನಿಂತಿತು. ಡಾಕ್ಟರು ನನ್ನನ್ನು ಸೈಕಲ್ಲಿನ ಮೇಲೆ ಕೂಡು ಎಂದಿದ್ದರು, ಈಗ ಸೈಕಲ್ಲು ನನ್ನ ಮೇಲೆ ಕೂತಿತು. ಹೆಗಲ ಮೇಲೆ ಸೈಕಲ್ಲು, ಕೈ ತೆರವಿಲ್ಲವೆಂದು ಮಾಲೆ ನನ್ನದೇ ಕೊರಳಲ್ಲಿ, ಒಂದೊಂದು ಕಾಲಿಗೆ ಅರ್ಧ ಎಕರೆ ಹೊಲ ಮೆತ್ತಿಕೊಂಡು ನಡೆದೆ. ನನ್ನ ಹಿಂದೆ ಬರುವವರಿಗೆ ಬಿತ್ತಲು ಮಣ್ಣೇ ಉಳಿಯಲಿಲ್ಲ!

ಇತ್ತ ಶಲವಡಿಯಲ್ಲಿ ಏನು ನಡೆದಿತ್ತೆಂದು ಬಸವಣ್ಣೆವ್ವ ಆಮೇಲೆ ಹೇಳಿದ್ದು. ಮಳೆ ಬರುವ ಮೊದಲೇ ಒಂದು ಟ್ರ್ಯಾಕ್ಟರು ಓಣಿಯೊಳಗೆ ನುಗ್ಗಿತು. ಟ್ರೇಲರಿನಲ್ಲಿ ಅವಳ ತವರಿನ ಓಣಿಯೇ ಕೂತಿತ್ತು. ನಡುವೆ ಹೊರಸಿನ ಮೇಲೆ ಮುದುಕಿ ಮೈಲಾರವ್ವ. ಅಮೋಘಸಿದ್ದಪ್ಪ ಧುಮುಕಿ, "ಯಕ್ಕಾ! ಹೋದೇನಬೇ ನನ್ನವ್ವಾ!" ಎಂದು ಎದೆ ಬಡಿದುಕೊಳ್ಳುತ್ತಾ ಓಡಿಬಂದ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದವಳು ತಮ್ಮನ ಅಳು ಕೇಳಿ, ಅವ್ವ ಹೋದಳೆಂದೇ ತಿಳಿದು, ಮೊರ ಬಿಸಾಕಿ ತಾನೂ ಹೋ ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ತೆಕ್ಕೆ ಹಾಯ್ದು ಅತ್ತರು. ಸತ್ತವಳ ಸಲುವಾಗಿ ಸತ್ತವಳನ್ನೇ ತಬ್ಬಿಕೊಂಡು ಅತ್ತವ ಆ ಅಮೋಘಸಿದ್ದಪ್ಪನೊಬ್ಬನೇ!

ಹೊರಸಿನ ಮೇಲಿಂದ ಮುದುಕಿ ಕೂಗಿದಳಂತೆ, "ಲೇ ಅಮೋಘ್ಯಾ! ಯಾರ ಸಲುವಾಗಿ ಅಳ್ತಿಯೋ ಮೂಳಾ? ನಿಮ್ಮಕ್ಕ ನಿನ್ನ ತೆಕ್ಕ್ಯಾಗ ಅದಾಳಲ್ಲೋ!"

ಅಮೋಘಸಿದ್ದಪ್ಪ ಅಕ್ಕನ ಗಲ್ಲ ಮುಟ್ಟಿ ನೋಡಿದ, ಬಿಸಿ ಇತ್ತು. ಬಸವಣ್ಣೆವ್ವ ಅವನ ಹೆಗಲ ಮೇಲಿಂದ ಹೊರಸು ನೋಡಿದಳು, ಅವ್ವ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಆಮೇಲೆ ಆ ತಾಯಿ ಮಗಳು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಎಷ್ಟೋ ಸಲ ಕೇಳಿದ್ದೇನೆ, ಬಸವಣ್ಣೆವ್ವ ಹೇಳುವುದಿಲ್ಲ.

ಆ ಹೊತ್ತಿನಲ್ಲಿ ರೇಣುಕವ್ವನ ಬಗಲಿನ ಗಂಟು ಜಾರಿ ಬಿತ್ತು. ಒಳಗೆ ಒಂದು ಇಳಕಲ್ಲ ಸೀರೆ, ಹಸಿರು ಬಳೆ, ಅರಿಷಿಣ ಕುಂಕುಮ. ಮುತ್ತೈದೆ ಸತ್ತರೆ ಕಡೆಯ ಸೀರೆ ತವರಿನಿಂದಲೇ ಬರಬೇಕು. ತನ್ನ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಸೀರೆಯನ್ನೇ ರೇಣುಕವ್ವ ಅಳುತ್ತಾ ತಂದಿದ್ದಳು.

ಆ ಗಂಟು ಇನ್ನೂ ಕಟ್ಟೆಯ ಮೇಲಿರುವಾಗಲೇ, ಮಳೆ ನಿಂತ ಮೇಲೆ, ನಾನು ಓಣಿ ಪ್ರವೇಶಿಸಿದೆ. ಕೊರಳಲ್ಲಿ ಮಾಲೆ, ಹೆಗಲ ಮೇಲೆ ಸೈಕಲ್ಲು, ಅಡಿಯಿಂದ ಮುಡಿಯತನಕ ಕರಿಮಣ್ಣು. ಹುಗಿದವ ಎದ್ದು ಬಂದ ಹಾಗೆ! ಹುಡುಗರು ಕಿಟಾರನೆ ಕಿರುಚಿ ಓಡಿದರು. ನಾನು ಮಾತ್ರ ಕಟ್ಟೆಯ ಕಡೆ ನೋಡಿ ನಿಂತುಬಿಟ್ಟೆ. ಕಟ್ಟೆಯ ಮೇಲೆ ಗೋಡೆಗೊರಗಿ, ಬಶಿಯಲ್ಲಿ ಚಹಾ ಊದಿ ಊದಿ ಕುಡಿಯುತ್ತಿದ್ದಳು, ನಾನು ಎರಡು ತಾಸಿನ ಹಿಂದೆ ಅತ್ತು ಮುಗಿಸಿದ್ದ ನನ್ನ ಅತ್ತೆ!

ಮುದುಕಿ ನನ್ನನ್ನು ನೋಡಿದಳು. ಮಾಲೆಯನ್ನು ನೋಡಿದಳು.

"ಏನ್ ಅಳಿಯಾರ, ಮಾಲಿ ಯಾರಿಗೆ ತಂದ್ರಿ?"

ಬಸವಣ್ಣೆವ್ವ ಒಮ್ಮೆ ಮಾಲೆಯ ಕಡೆ, ಒಮ್ಮೆ ನನ್ನ ಕಡೆ ನೋಡಿ ಎಲ್ಲ ತಿಳಿದುಕೊಂಡಳು. "ಹಂಗಾರ ನೀವು ನಮ್ಮವ್ವನ್ನ ಸಾಯಿಸಿ ಬಂದ್ರಿ, ಇವರು ನನ್ನ ಸಾಯಿಸಿ ಬಂದ್ರು! ಛಲೋ ಆತು, ಲೆಕ್ಕ ಸರಿ ಹೋತು!"

"ಕುಂಡ್ರಲಿಲ್ಲ, ನೀರೂ ಕುಡೀಲಿಲ್ಲ, ಅಕ್ಕಾ!" ಎಂದ ಅಮೋಘಸಿದ್ದಪ್ಪ ಅಳುವುದೋ ನಗುವುದೋ ತಿಳಿಯದೆ. "ನಾ ಏನಂತ ತಿಳೀಬೇಕಿತ್ತು?"

"ಡಾಕ್ಟರು ಬ್ಯಾಡಂದಿದ್ರೋ..." ಎಂದೆ. ಅಷ್ಟು ಬಡಪಾಯಿ ದನಿ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಮುದುಕಿ ಬಶಿ ಕೆಳಗಿಟ್ಟಳು. "ತರ್ರಿ ಇಲ್ಲೆ ಅದನ್ನ. ಜೀವ ಇದ್ದಾಗ ಹಾಕ್ಕೋತೀನಿ. ಸತ್ತ ಮ್ಯಾಲ ನೋಡಾಕ ನಾ ಎಲ್ಲೆ ಇರ್ತೀನಿ?" ಮಾಲೆಯನ್ನು ನನ್ನಿಂದಲೇ ಹಾಕಿಸಿಕೊಂಡಳು. ಸಭಾಪತಿಯ ಹಾಗೆ ಕತ್ತೆತ್ತಿ ಕೂತು ಮಗನಿಗೆ ಹೇಳಿದಳು, "ಒಂದ್ ಮಾತು ನೆಪ್ಪಿಡೋ. ನಾ ಖರೇನ ಹೋದಾಗ ಸುದ್ದಿ ಈ ಅಳಿಯಾನ ಕೈಯಾಗ ಕಳಸಬ್ಯಾಡ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಸೀರೆಯದೊಂದು ಪಂಚಾಯ್ತಿ ಉಳಿಯಿತು. ಸಾವಿಗೆ ತಂದ ಸೀರೆ ತಿರುಗಿ ಮನೆಗೆ ಒಯ್ಯುವ ಹಾಗಿಲ್ಲ, ಬದುಕಿದವರು ಉಡುವ ಹಾಗಿಲ್ಲ, ಹಳ್ಳಕ್ಕೆ ಬಿಡಬೇಕು ಎಂದು ಹಿರಿಯ ಹೆಣ್ಣುಮಕ್ಕಳು ತೀರ್ಪು ಕೊಡುತ್ತಿದ್ದಂತೆ ಬಸವಣ್ಣೆವ್ವ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಅದನ್ನೇ ಉಟ್ಟಿದ್ದಳು.

"ಯವ್ವಾ, ಅಪಶಕು—"

"ತವರಿನ ಸೀರಿ ಬೇಕಂದ್ರ ನಾ ಸಾಯಬೇಕಿತ್ತು," ಎಂದಳು ತಮ್ಮನ ಕಡೆ ನೋಡಿ. "ಸತ್ತಾತಲ್ಲ? ಇನ್ನೇನು ಅಪಶಕುನ?" ಅಮೋಘಸಿದ್ದಪ್ಪ ತಲೆ ತಗ್ಗಿಸಿ, ಗಂಟಿನೊಳಗಿನ ಕುಂಕುಮ ತೆಗೆದು, ಅಕ್ಕನ ಹಣೆಗೆ ಹಚ್ಚಿದ. "ಪಂಚಮಿಗೆ ಬಾ, ಅಕ್ಕಾ."

ಆ ಪಂಚಮಿಗೆ ನಮ್ಮ ಬಾಗಿಲ ಮುಂದಿನ ಕಸ ಹಾಗೇ ಬಿದ್ದಿತ್ತು. ಹೊಡೆಯುವವಳು ತವರಿನಲ್ಲಿ ಜೋಕಾಲಿಯ ಮೇಲೆ ಅವ್ವನನ್ನು ತೊಡೆಗೊರಗಿಸಿಕೊಂಡು ಕೂತಿದ್ದಳು.

ಸೈಕಲ್ಲು ಬಿಡುತ್ತೇನೆಂದರೆ ಬಿಡಗೊಡಲಿಲ್ಲ. ಅವ್ವನಿಗೆಂದು ದಿನಾ ಒಂದು ಡಬ್ಬಿಯಲ್ಲಿ ಮೆತ್ತನ್ನ ಅನ್ನ, ಮಜ್ಜಿಗೆ ಕಟ್ಟಿ ಹ್ಯಾಂಡಲ್ಲಿಗೆ ತೂಗುಬಿಡುವಳು. ರೇಣುಕವ್ವ ಒಂದು ಕಾಯಿದೆ ಮಾಡಿದಳು: "ಓಣಿ ಕಡೀಂದ ಬೆಲ್ ಹೊಡಕೊಂತ ಬರ್ರಿ ಅಣ್ಣಾರ. ಸುದ್ದಿ ತರಾವ್ರು ಬೆಲ್ ಹೊಡಿಯೂದಿಲ್ಲ. ನಮಗ ಎದಿ ಡವಡವ ಆಗೂದು ತಪ್ಪತೈತಿ." ಟಿಣ್ ಟಿಣ್ ಎಂದು ಹೋಗುವೆ. ಮುದುಕಿ ಒಳಗಿಂದ, "ಇವತ್ತು ಯಾರನ್ನ ಕೊಂದು ಬಂದ್ರಿ ಅಳಿಯಾರ?" ಎನ್ನುವಳು. ನಾನು ಊರಿನ ಒಬ್ಬೊಬ್ಬರ ಹೆಸರು ಹೇಳುವೆ, ಅವಳು ಕೆಮ್ಮುತ್ತಾ ನಗುವಳು. ನನ್ನ ಸೊಂಟದ ಸುತ್ತು ಇಳಿಯಿತು. ಬಸ್ಸಿನ ಕಂಡಕ್ಟರ ನನ್ನನ್ನು ಗುರುತು ಹಿಡಿಯದಾದ.

ಈ ಕತೆಯನ್ನು ನಾನು ಬೀಗರು ಬಿಜ್ಜರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮದುವೆಯಲ್ಲಿ ಹೇಳಿದೆ, ಬಸುರಿಯರ ಕುಬಸದಲ್ಲಿ ಹೇಳಿದೆ. ಹೇಳಿ ಹೇಳಿ ಒಂದು ಟ್ರ್ಯಾಕ್ಟರು ಮೂರಾಯಿತು, ಮಾಲೆ ಎತ್ತಿನ ಗಾಡಿಗೆ ಹಿಡಿಸದಷ್ಟು ದಪ್ಪವಾಯಿತು. ನನ್ನನ್ನು ಕಂಡರೆ ಸಾಕು, ಜನ ಹೊಟ್ಟೆ ಹಿಡಿದುಕೊಳ್ಳುವರು.

ಎಳ್ಳಮಾಸಿ ಹಬ್ಬದ ದಿನವೂ ಡಬ್ಬಿ ತೂಗುಬಿಟ್ಟುಕೊಂಡು ಓಣಿಯ ತುದಿಯಿಂದ ಬೆಲ್ ಹೊಡೆಯುತ್ತಾ ಹೋದೆ. ಒಳಗಿಂದ ಯಾರನ್ನು ಕೊಂದು ಬಂದೆ ಎಂದು ಯಾರೂ ಕೇಳಲಿಲ್ಲ. ರೇಣುಕವ್ವ ಬಾಗಿಲಲ್ಲಿ ನಿಂತಿದ್ದಳು. ಕುಂಡ್ರಿ ಎನ್ನಲಿಲ್ಲ.

ಬೆಲ್ಲಿನ ಮೇಲಿದ್ದ ಹೆಬ್ಬೆರಳು ತೆಗೆದೆ.

ಅಮೋಘಸಿದ್ದಪ್ಪ ಕಂಬಕ್ಕೊರಗಿ ಕೂತಿದ್ದ. "ಬ್ಯಾಡಂದಿದ್ದಳು ಅವ್ವ," ಎಂದ. "ಆದ್ರ ಹಬ್ಬದ ದಿನಾ ಯಾರ್ನ ಕಳಸ್ಲಿ ಮಾಮಾ? ಸೈಕಲ್ ಇರೂದು ನಿಮ್ಮ ಕಡೆ."

ಮೊದಲು ನನ್ನ ಮನೆಗೆ ಹೋದೆ. ಚಪ್ಪಲಿ ಅಗಸಿಯಲ್ಲೇ ಕಳೆದೆ. ಅಂಗಳದಲ್ಲಿ ನಿಂತೆ. ಬಸವಣ್ಣೆವ್ವ ಹೊರಗೆ ಬಂದು ನನ್ನ ಕಾಲು ನೋಡಿದಳು, ತುಂಬಿದ ಡಬ್ಬಿ ನೋಡಿದಳು. ಒಳಗೆ ಹೋಗಿ ಆ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಳು.

ಅವತ್ತು ನನ್ನನ್ನು ನಂಬಿದವಳು ಅವಳೊಬ್ಬಳೇ.

ಸುತ್ತಿನ ಊರುಗಳ ಬೀಗರಿಗೆಲ್ಲ ಹೇಳಲು ಹೋದೆ. ಮೊದಲ ಮನೆಯಲ್ಲಿ ನಾನು ಬರಿಗಾಲಲ್ಲಿ ಅಂಗಳದಲ್ಲಿ ನಿಂತ ಕೂಡಲೇ ಒಳಗಿನವರನ್ನೆಲ್ಲ ಕರೆದರು. "ಬರ್ರೆಪಾ, ಭರಮಪ್ಪ ಕಾಕಾ ಬಂದಾನ! ಟಾವೆಲ್ ಸೈತ ಹೊತಗೊಂಡ ಬಂದಾನ!"

"ಅತ್ತಿ ಹೋದಳ್ರಿ," ಎಂದೆ.

"ಹೋದ ಸಲ ಮಗಳು, ಈ ಸಲ ತಾಯಿ! ಮುಂದಿನ ಸಲ ಯಾರ ಪಾಳಿರಿ?"

ಕಣ್ಣಲ್ಲಿ ನೀರು ಬಂತು. "ಆಹಾಹಾ! ಅಳೂದ ನೋಡ್ರಿ, ಕಂಪನಿ ನಾಟಕದಾವ್ರು ನಾಚಬೇಕು!" ಎಂದು ರಟ್ಟೆ ಹಿಡಿದು ಎಳೆದು ಹೊರಸಿನ ಮೇಲೆ ಕೂಡಿಸಿದರು. ನೀರು ಕುಡಿಸಿದರು. ಹಬ್ಬದ ದಿನ ಬರಿಬಾಯಲ್ಲಿ ಕಳಿಸುತ್ತಾರೆಯೇ? ಎಳ್ಳ ಹೋಳಿಗೆ ಬಾಯಿಗೆ ತುರುಕಿದರು. ಎರಡನೇ ಊರಿನಲ್ಲಿ ಕಡಬು. ಮೂರನೆಯದರಲ್ಲಿ ಕಾಲು ಮುಟ್ಟಿ ಆಣೆ ಮಾಡುತ್ತೇನೆಂದರೆ, "ಆಣೀನೂ ಛಲೋ ಮಾಡ್ತಾನ!" ಎಂದು ಬಿದ್ದು ಬಿದ್ದು ನಕ್ಕರು. ಅತ್ತೆಯ ಹೆಣ ಅಲ್ಲಿ ಗೋಡೆಗೊರಗಿ ಬೀಗರ ದಾರಿ ಕಾಯುತ್ತಿತ್ತು. ಸುದ್ದಿ ಹೊತ್ತವ ನಾನು ಇಲ್ಲಿ ಹೊರಸಿನ ಮೇಲೆ ಕೂತು, ಎಳ್ಳ ಹೋಳಿಗೆ ನುಂಗುತ್ತಿದ್ದೆ.

ಹೊತ್ತು ಮುಳುಗುವತನಕ ಕಾದೆವು. ಒಬ್ಬರೂ ಬರಲಿಲ್ಲ. ಆ ಊರಿನವರೇ ಕೂಡಿ ಮಣ್ಣು ಕೊಟ್ಟರು. ಮೂರನೇ ದಿನ ಬೀಗರೆಲ್ಲ ಬಾಯಿ ಬಡಿದುಕೊಳ್ಳುತ್ತಾ ಬಂದು, ಅತ್ತೆಗಾಗಿ ಅಷ್ಟು, ನನ್ನನ್ನು ಬೈಯುವುದಕ್ಕೆ ಅದರ ಎರಡು ಪಟ್ಟು ಹೊತ್ತು ಕಳೆದರು.

"ಖರೇನ ಸತ್ತಾಗ ಖರೇ ಹಂಗ ಹೇಳಬಾರದೇನೋ, ಭರಮಪ್ಪಾ?"

ಆಮೇಲೆ ನನಗೆ ಐವತ್ತೆರಡು ತುಂಬಿತು. ಆ ವರ್ಷವಿಡೀ ಬಸವಣ್ಣೆವ್ವ ನನಗೆ ಹೋಳಿಗೆ ಮಾಡಲಿಲ್ಲ, ಕುರ್ಚಿಯಲ್ಲಿ ಕೂಡಗೊಡಲಿಲ್ಲ. ರಾತ್ರಿ ನನ್ನ ಮೂಗಿನ ಮುಂದೆ ಅವಳ ಬೆರಳು ಬಂದು ಹೋಗುವುದು ನನಗೆ ಗೊತ್ತಿತ್ತು, ನಿದ್ದೆಯಲ್ಲಿರುವ ಹಾಗೆ ಸುಮ್ಮನಿರುತ್ತಿದ್ದೆ. ಐವತ್ಮೂರು ತುಂಬಿದ ಮರುದಿನವೇ ಡಾಕ್ಟರ ಕಡೆ ಹೋದೆ. ಅವರು ಮತ್ತೆ ಬಹಳ ಹೊತ್ತು ಆಲಿಸಿದರು. ಈ ಸಲ ನಕ್ಕರು.

"ಎದಿ ಗಡಿಯಾರದಂಗ ಹೊಡ್ಯಾಕತ್ತೈತಿ. ಸಕ್ರಿನೂ ಇಳದೈತಿ. ಹಿಂಗ ಸೈಕಲ್ ಹೊಡೀರಿ, ನೂರು ವರ್ಷಕ್ಕೇನೂ ಮೋಸಿಲ್ಲ!"

ಓಣಿಯ ತುದಿಯಿಂದಲೇ ಬೆಲ್ ಬಾರಿಸುತ್ತಾ ಮನೆಗೆ ಬಂದೆ. ಠರಾವು ಗೆದ್ದ ಹೆಮ್ಮೆಯಲ್ಲಿ ಎದೆ ಉಬ್ಬಿಸಿ ನಿಂತು, "ಕೇಳಿದ್ಯಾ? ಡಾಕ್ಟರು ಬರದ ಕೊಟ್ಟಂಗ ಹೇಳ್ಯಾರ! ನೂರ ವರ್ಷ ಬದುಕ್ತೀನಂತ!" ಎಂದೆ.

ಬಸವಣ್ಣೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು ಅಂದಳು:

"ಬದುಕ್ರಿ. ಅದು ಬಿಟ್ಟು ನಿಮಗ ಬ್ಯಾರೆ ದಾರೀನ ಇಲ್ಲ. ನೀವು ಸತ್ತೀರಂದ್ರ ಈ ಸುತ್ತಿನ್ಯಾಗ ಯಾರ ನಂಬ್ತಾರ? ಹೊರಾಕ ನಾಕ ಮಂದಿ ನಾ ಎಲ್ಲಿಂದ ತರ್ಲಿ?"